ಜಿಗಿತ ಯಾರದು?

ಆಟದ ಹೆಸರು ಕ್ರ್ಯಾಶ್ ಬ್ಯಾಂಡಿಕೂಟ್, ಅದರಲ್ಲಿ ಓಡುವ ಪ್ರಾಣಿಯ ಹೆಸರೂ ಅದೇ. ಅಮೆರಿಕದ ನಾಟಿ ಡಾಗ್ ಎಂಬ ತಂಡ ಸೋನಿಯ ಮೊದಲ ಪ್ಲೇಸ್ಟೇಷನ್‌ಗಾಗಿ 1996, 1997, 1998ರಲ್ಲಿ ವರ್ಷಕ್ಕೊಂದರಂತೆ ಮೂರು ಆಟ ಮಾಡಿತು. ಓಡು, ಜಿಗಿ, ಗಿರಗಿರ ತಿರುಗಿ ಪೆಟ್ಟಿಗೆ ಒಡೆ, ಹಳ್ಳಕ್ಕೆ ಬಿದ್ದರೆ ಮತ್ತೆ ಮೊದಲಿಂದ. 2017ರಲ್ಲಿ ವಿಕೇರಿಯಸ್ ವಿಷನ್ಸ್ ಎಂಬ ಬೇರೊಂದು ತಂಡ ಆ ಮೂರನ್ನೂ ಹೊಸದಾಗಿ ಕಟ್ಟಿತು. 'ಎನ್. ಸೇನ್ ಟ್ರೈಲಜಿ' ಎಂಬ ಹೆಸರಿನಲ್ಲಿ ಮೂರೂ ಒಟ್ಟಿಗೆ ಮಾರಾಟಕ್ಕೆ ಬಂದವು. ನನ್ನ ತಮ್ಮ ಹಳೆಯದನ್ನು ಹುಡುಗನಾಗಿದ್ದಾಗ ಆಡಿದವನು. ನನ್ನ ಮಗಳು ಚಿಕ್ಕಪ್ಪನ ಮನೆಯಲ್ಲಿ ಹೊಸದನ್ನು ಆಡುತ್ತಲೇ ದೊಡ್ಡವಳಾದಳು, ಈಗ ಕಂಪ್ಯೂಟರ್ ಓದುತ್ತಿದ್ದಾಳೆ. ಈ ರಜೆಯಲ್ಲಿ ಇಬ್ಬರೂ ಕೂತು ಮೂರನ್ನೂ ಮತ್ತೆ ಆಡಿದರು. ಆಡುವಷ್ಟು ಹೊತ್ತೂ ಜೋಡೆತ್ತು, ಮುಗಿದ ಮೇಲೆ ಹಾವು-ಮುಂಗುಸಿ. ನನಗೆ ಆಟ ಬರುವುದಿಲ್ಲ. ವಾದ ಕೇಳುವುದು ಬರುತ್ತದೆ. ಅದರಲ್ಲೂ ಹಳೆಯದನ್ನು ಆಡಿದವನು ಹೊಸದರ ಪರ, ಹೊಸದರಲ್ಲೇ ಕಣ್ಣು ಬಿಟ್ಟವಳು ಹಳೆಯದರ ಪರ ನಿಂತಾಗ ಏಳುವುದಕ್ಕೆ ಮನಸ್ಸಾಗುತ್ತದೆಯೇ?

ಚಿಕ್ಕಪ್ಪ: ನನಗೆ ನೆನಪಿದ್ದದ್ದು ಹೀಗೇ ಕಣೇ. ಎಲೆ ಮೇಲೆ ಬಿಸಿಲು, ಸಮುದ್ರದ ದಡ, ಮರಳಲ್ಲಿ ಮುಖ ಹೂತುಕೊಂಡಿದ್ದ ಪ್ರಾಣಿ ತಲೆ ಕೊಡವಿ ಏಳೋದು. ಹೊಸದನ್ನ ಹಾಕಿದ ಕೂಡಲೇ 'ಹೌದು, ಇದೇ' ಅನ್ನಿಸ್ತು.

ಹುಡುಗಿ: ನಿಮಗೆ ನೆನಪಿರೋದು ನೀವು ನೋಡಿದ್ದಲ್ಲ ಚಿಕ್ಕಪ್ಪ. ಹಳೇ ಕ್ರ್ಯಾಶ್ ಮೈಮೇಲೆ ಒಂದು ಕೂದಲೂ ಇರಲಿಲ್ಲ. 512 ಪಾಲಿಗನ್, ಅಂದ್ರೆ ಚಪ್ಪಟೆ ತುಂಡು, ಸೇರಿಸಿ ಮಾಡಿದ ಗೊಂಬೆ ಅದು. ಹೊಸದರಲ್ಲಿ ರೋಮ ಎಣಿಸಬಹುದು.

ಚಿಕ್ಕಪ್ಪ: ಎಣಿಸಬಹುದಾದ್ರೆ ಒಳ್ಳೇದಾಯ್ತಲ್ಲ.

ಹುಡುಗಿ: ಕೂದಲು ಹಾಕೋಕಾಗಲ್ಲ ಅಂತ ಗೊತ್ತಿದ್ದೇ ಅವರು ಆ ಪ್ರಾಣಿನ ಹಾಗೆ ಬರೆದಿದ್ದು. ತೆರೆ 512 ಚುಕ್ಕೆ ಅಗಲ, 240 ಎತ್ತರ. ಅದರಲ್ಲಿ ಅವನು ಹೆಬ್ಬೆರಳಷ್ಟು. ಅಷ್ಟರಲ್ಲಿ ಮುಖಭಾವ ಕಾಣಬೇಕು ಅಂತ ತಲೆ ದೊಡ್ಡದು ಮಾಡಿ ಕತ್ತು ತೆಗೆದ್ರು. ಕೈ ಎಲ್ಲಿದೆ ಅಂತ ತಿಳೀಲಿ ಅಂತ ಕೈಗವಸು. ಎದೆ ತಿಳಿ ಬಣ್ಣ, ಬೆನ್ನು ಗಾಢ, ಯಾಕಂದ್ರೆ ಅವನು ನಮ್ಮ ಕಡೆ ತಿರುಗಿದಾನೋ ಆಚೆ ತಿರುಗಿದಾನೋ ಗೊತ್ತಾಗಬೇಕಲ್ಲ. ಮೈಮೇಲೆ ಚಿತ್ರ ಅಂಟಿಸೋ ಬದಲು ಪಾಲಿಗನ್‌ಗೇ ನೇರ ಬಣ್ಣ ಬಳಿದಿದ್ರು. ಅದರಿಂದಲೇ ಅವನು ಹಳೇ ಕಾರ್ಟೂನ್ ಥರ ನುಣ್ಣಗೆ ಕಂಡಿದ್ದು.

ಚಿಕ್ಕಪ್ಪ: ಬೆನ್ನೇ ತಾನೇ ಆ ಆಟದಲ್ಲಿ ಕಾಣೋದು! ಅವರೇ ಒಳಗೊಳಗೆ 'ಸೋನಿಕ್‌ನ ಅಂಡಿನ ಆಟ' ಅಂತ ಹೆಸರಿಟ್ಟಿದ್ರಂತೆ. ಸೋನಿಕ್ ಆಟದಲ್ಲಿ ಪಕ್ಕದಿಂದ ನೋಡ್ತಿದ್ದ ಓಟನ ಹಿಂದಿನಿಂದ ತೋರಿಸಿದ್ರೆ ಇನ್ನೇನು ಕಾಣುತ್ತೆ?

ಹುಡುಗಿ: ಹೌದು, ಆ ತಮಾಷೆಯಿಂದಲೇ ಶುರುವಾಗಿದ್ದು. ಕೇಳಿ, ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ಮುಖದ ಮೇಲೆ ಈಗ ಕೂದಲು ನೆಟ್ಟು, ಹುಬ್ಬು ಕುಣಿಸಿದ್ರೆ ಆ ಲೆಕ್ಕಕ್ಕೆ ಅರ್ಥ ಎಲ್ಲಿ ಉಳೀತು?

ಚಿಕ್ಕಪ್ಪ: ಲೆಕ್ಕ ನಿನಗೆ ಗೊತ್ತು, ಸರಿ. ನಾನು ಆಡಿದ್ದು ಹೇಗೆ ಗೊತ್ತಾ? ಕಪ್ಪು-ಬಿಳುಪಲ್ಲಿ.

ಹುಡುಗಿ: ಏನು?

ಚಿಕ್ಕಪ್ಪ: ನಿಮ್ಮಪ್ಪನ್ನೇ ಕೇಳು. ಚಿಪ್ ಹಾಕಿಸಿದ ಪ್ಲೇಸ್ಟೇಷನ್, ನ್ಯಾಷನಲ್ ಮಾರ್ಕೆಟ್‌ನಿಂದ ತಂದ ಕಾಪಿ ಸೀಡಿ. ಸೀಡಿ ಅಮೆರಿಕದ ಆವೃತ್ತಿ, ಅಂದ್ರೆ ಎನ್‌ಟಿಎಸ್‌ಸಿ. ನಮ್ಮ ಟಿ.ವಿ.ಗೆ ಗೊತ್ತಿದ್ದದ್ದು ಪಾಲ್ ಮಾತ್ರ. ಬಣ್ಣದ ಸಿಗ್ನಲ್ ಅದಕ್ಕೆ ಅರ್ಥ ಆಗ್ತಿರಲಿಲ್ಲ. ಕಿತ್ತಳೆ ಬಣ್ಣದ ಪ್ರಾಣಿ ಅಂತ ನನಗೆ ಗೊತ್ತಾಗಿದ್ದು ಸೀಡಿ ಕವರ್ ನೋಡಿ.

(ಇದಕ್ಕೆ ನಾನೇ ಸಾಕ್ಷಿ. ಬೂದಿ ಬಣ್ಣದ ಕಾಡಿನಲ್ಲಿ ಬೂದಿ ಬಣ್ಣದ ಪ್ರಾಣಿ ಬೂದಿ ಬಣ್ಣದ ಹಣ್ಣು ತಿನ್ನುತ್ತ ಓಡುವುದನ್ನು ನೋಡಿ, ಆಟವೇ ಹಾಗಿರಬೇಕು ಎಂದುಕೊಂಡು ಸುಮ್ಮನಿದ್ದೆ. ಬಣ್ಣ ಬರುವ ಟಿ.ವಿ. ಇದ್ದ ಗೆಳೆಯನ ಮನೆಗೆ ಸೀಡಿ ಹೊತ್ತುಕೊಂಡು ಹೋಗಿ ಬಂದ ದಿನ ಇವನ ಮುಖ ನೋಡಬೇಕಿತ್ತು.)

ಹುಡುಗಿ: ಹಾಗಾದ್ರೆ ನೀವು ಮೂಲ ಆಟ ಆಡೇ ಇಲ್ಲ.

ಚಿಕ್ಕಪ್ಪ: ಯಾರು ಆಡಿದಾರೆ ಹೇಳು? ಯುರೋಪಿನ ಡಿಸ್ಕ್ ಸೆಕೆಂಡಿಗೆ 50 ಸಲ ಬದಲಾಗೋ ತೆರೆಗೆ, ಅಮೆರಿಕದ್ದು 60 ಸಲಕ್ಕೆ. ಜಪಾನಿಗೆ ಹೋದಾಗ ಕ್ರ್ಯಾಶ್‌ನ ಕಾಪಾಡೋ ಆ ಮಂತ್ರದ ಮುಖವಾಡ ಆಡೋರಿಗೆ ಬುದ್ಧಿಮಾತು ಹೇಳೋಕೆ ಶುರು ಮಾಡ್ತು. ಆಗಲೇ ಇಷ್ಟು ಥರ ಇತ್ತು. ನೀನು ಲ್ಯಾಪ್‌ಟಾಪಿನಲ್ಲಿ ಹಳೇ ಯಂತ್ರದ ಥರ ನಟಿಸೋ ಎಮ್ಯುಲೇಟರ್ ಹಾಕಿ ನೋಡಿದ್ದು ಇನ್ನೊಂದು ಥರ. ಗಾಜಿನ ಟ್ಯೂಬ್ ಟಿ.ವಿ.ಯಲ್ಲಿ ಅಂಚು ಮಸುಕಾಗಿ ಒಂದಕ್ಕೊಂದು ಬೆರೀತಿತ್ತು. ನಿನ್ನ ತೆರೆಯಲ್ಲಿ ಮೂಲೆ ಮೂಲೆ ಚುಚ್ಚುತ್ತೆ. ಅದನ್ನೂ ಅವರು ಉದ್ದೇಶಿಸಿರಲಿಲ್ಲ.

ಹುಡುಗಿ: ಟ್ಯೂಬ್ ಟಿ.ವಿ. ನೀವೇ ತಾನೇ ಗುಜರಿಗೆ ಹಾಕಿದ್ದು?

ಚಿಕ್ಕಪ್ಪ: ನಿಮ್ಮಜ್ಜಿ ಹಾಕಿಸಿದ್ದು. ಆದರೆ ಬಣ್ಣದ ವಿಷಯದಲ್ಲಿ ನನ್ನ ಮಾತು ಕೇಳು. 'ಕಸ್ತೂರಿ ನಿವಾಸ' 1971ರ ಕಪ್ಪು-ಬಿಳುಪು ಸಿನಿಮಾ. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದ್ರು. ಥಿಯೇಟರ್‌ಗೆ ಹೋದವರು ಇದು ಮೂಲ ಅಲ್ಲ ಅಂತ ಎದ್ದು ಬಂದ್ರಾ? ಟಿ.ವಿ.ಯಲ್ಲಿ ನೂರು ಸಲ ನೋಡಿದವರೂ ಮತ್ತೆ ಹೋದ್ರು. ನನಗೂ ಇದು ಹಾಗೇ. ಬೂದಿಯಾಗಿ ಆಡಿದ್ದಕ್ಕೆ ಈಗ ಬಣ್ಣ ಬಂತು.

ಹುಡುಗಿ: ಸರಿಯಾದ ಕಡೆಗೇ ಬಂದ್ರಿ. 'ಕಸ್ತೂರಿ ನಿವಾಸ'ಕ್ಕೆ ಬಣ್ಣ ಹಾಕಿದಾಗ ರಾಜ್‌ಕುಮಾರ್ ನಡಿಗೆ ಬದಲಾಯ್ತಾ?

ಚಿಕ್ಕಪ್ಪ: ಅದು ಹೇಗೆ ಬದಲಾಗುತ್ತೆ?

ಹುಡುಗಿ: ಇಲ್ಲಿ ಬದಲಾಗಿದೆ. ನಾನು ಹೇಳ್ತಿರೋದು ಕೂದಲಿನ ವಿಷಯ ಅಲ್ಲ, ಕೂದಲು ಬೇಕಾದ್ರೆ ಇರಲಿ. ಇದು ಜಿಗಿಯೋ ಆಟ. ಕಥೆ ಅಂತ ಇದೆಯಾ? ಒಬ್ಬ ಹುಚ್ಚು ವಿಜ್ಞಾನಿ, ಒಂದು ದ್ವೀಪ, ಮುಗೀತು. ಕ್ರ್ಯಾಶ್ ಮಾತಾಡಲ್ಲ, ಪಾತ್ರ ಬೆಳೆಯೋದಿಲ್ಲ. ಗುಂಡಿ ಒತ್ತಿದಾಗ ಅವನು ಎಷ್ಟು ಎತ್ತರ ಏಳ್ತಾನೆ, ಮೇಲೆ ಎಷ್ಟು ಹೊತ್ತು ತೇಲ್ತಾನೆ, ಎಷ್ಟು ಬೇಗ ಇಳೀತಾನೆ, ಆ ಕಮಾನೇ ಆಟ. ಉಳಿದದ್ದೆಲ್ಲ ಅದರ ಸುತ್ತ ಕಟ್ಟಿದ ಚಪ್ಪರ. ಹೊಸದರಲ್ಲಿ ಚಪ್ಪರ ಉಳಿಸಿಕೊಂಡು ಕಮಾನನ್ನೇ ಬೇರೆ ಮಾಡಿದಾರೆ.

ಚಿಕ್ಕಪ್ಪ: ಸ್ವಲ್ಪ ಬೇರೆ.

ಹುಡುಗಿ: 'ಹೈ ರೋಡ್'ನಲ್ಲಿ ನೀವು ಬಿದ್ದಿದ್ದು ಸ್ವಲ್ಪನಾ?

(ಹೈ ರೋಡ್ ಎಂದರೆ ಮೊದಲ ಆಟದ ಒಂದು ಹಂತ. ಮಂಜು ಮುಸುಕಿದ ಕಣಿವೆಯ ಮೇಲೆ ಹಗ್ಗದ ಸೇತುವೆ. ಹಲಗೆಗಳ ನಡುವೆ ದೊಡ್ಡ ದೊಡ್ಡ ಬಾಯಿ. ಕೆಲವು ಹಲಗೆ ಕಾಲಿಟ್ಟರೆ ಮುರಿಯುತ್ತವೆ. ನಡುನಡುವೆ ಆಮೆಗಳು. ಒಮ್ಮೆ ಮೇಲೆ ಹಾರಿದರೆ ಆಮೆ ಅಂಗಾತ ಬೀಳುತ್ತದೆ, ಅದರ ಹೊಟ್ಟೆ ಮೇಲೆ ಇನ್ನೊಮ್ಮೆ ಬಿದ್ದರೆ ಆಚೆ ದಡಕ್ಕೆ ಪುಟಿಯಬಹುದು. ನನ್ನ ತಮ್ಮ ಅಲ್ಲಿ ಕಳೆದ ಸಂಜೆ ನಮ್ಮ ಮನೆಯಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ.)

ಚಿಕ್ಕಪ್ಪ: ಅದು ಆಗಲೂ ಕಷ್ಟವೇ ಇತ್ತು.

ಹುಡುಗಿ: ಕಷ್ಟ ಇತ್ತು, ಆದರೆ ಆ ಕಷ್ಟ ಬೇರೆ ಥರದ್ದು. ನೀವು ಹೇಗೆ ಬಿದ್ರಿ ನೆನಪು ಮಾಡ್ಕೊಳ್ಳಿ. ಹಲಗೆ ಸಿಕ್ಕಿತ್ತು. ಕಾಲು ಅಂಚಿಗೆ ತಾಗಿತ್ತು. ತಾಗಿದ ಮೇಲೆ ಜಾರಿ ಕೆಳಗೆ ಹೋಯ್ತು. ಹೌದಾ?

ಚಿಕ್ಕಪ್ಪ: ಹೌದು. ಸಿಕ್ಕಿದ್ದು ಕೈಜಾರಿದ ಹಾಗಿತ್ತು.

ಹುಡುಗಿ: ಆಡಿದವರು ಪರೀಕ್ಷೆ ಮಾಡಿ ನೋಡಿದಾರೆ. ಹೊಸ ಕ್ರ್ಯಾಶ್ ಮೈಗೆ ಕಂಪ್ಯೂಟರ್ ಲೆಕ್ಕದಲ್ಲಿ ಇರೋ ಆಕಾರ ಮಾತ್ರೆ ಥರದ್ದು, ತಳ ಗುಂಡಗೆ. ಅಂಚಿಗೆ ಇಳಿದ್ರೆ ಗುಂಡಗಿನ ಕಡೆ ಜಾರುತ್ತೆ. ಹಳೇದರಲ್ಲಿ ಅಂಚು ಮುಟ್ಟಿದ್ರೆ ನಿಂತ ಅಂತಲೇ ಲೆಕ್ಕ. ಜೊತೆಗೆ ಜಿಗಿತದ ತುದಿ ಮುಟ್ಟಿದ ಮೇಲೆ ಹೊಸಬ ಬೇಗ ಇಳೀತಾನೆ. ಎರಡೂ ಸೇರಿದ್ರೆ ಹೈ ರೋಡ್‌ನಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಪ್ರಕಾಶಕರೇ ಆಟ ಬಿಟ್ಟ ಸ್ವಲ್ಪ ದಿನಕ್ಕೆ ಒಪ್ಕೊಂಡ್ರು. ಹಳಬರಿಗೆ ಬೆರಳಿನ ಅಭ್ಯಾಸವೇ ಅಡ್ಡ ಬರಬಹುದು, ಹೊಸಬರು ಮೊದಲನೇ ಆಟ ಬಿಟ್ಟು ಎರಡು ಅಥವಾ ಮೂರರಿಂದ ಶುರು ಮಾಡಿ ಅಂತ. ಒಂದು ಸರಣಿಗೆ ಒಂದನೇ ಭಾಗದಿಂದ ಬರಬೇಡಿ ಅಂತ ಬೋರ್ಡ್ ಹಾಕಿದ್ರೆ ಏನೋ ಕೆಟ್ಟಿದೆ ಅಂತ ತಾನೇ?

ಚಿಕ್ಕಪ್ಪ: ಇರು, ಇರು. ಹೊಸದನ್ನ ಕಟ್ಟಿದವರು ಜಿಗಿತನ ಆಕಾಶದಿಂದ ತಂದಿದ್ದಲ್ಲ. ಮೂರನೇ ಆಟದ ಹಿಡಿತ ತಗೊಂಡು ಮೂರಕ್ಕೂ ಹಾಕಿದ್ರು. ಆ ಮೂರನೇದನ್ನ ಮಾಡಿದ್ದು ಯಾರು? ಅದೇ ನಾಟಿ ಡಾಗ್. ಮೊದಲನೇ ಆಟದಲ್ಲಿ ಅವರಿಗೇ ತೃಪ್ತಿ ಇರಲಿಲ್ಲ ಅಂತ ತಾನೇ ಎರಡರಲ್ಲಿ ಬಗ್ಗೋದು, ಜಾರೋದು ಸೇರಿಸಿದ್ದು, ಮೂರರಲ್ಲಿ ಇನ್ನೂ ತಿದ್ದಿದ್ದು? ಮಾಡಿದವರ ಕೊನೇ ಅಭಿಪ್ರಾಯ ಏನಿತ್ತೋ ಅದನ್ನೇ ಇವರು ಗೌರವಿಸಿದಾರೆ. ಲೇಖಕ ಎರಡನೇ ಮುದ್ರಣದಲ್ಲಿ ತಿದ್ದಿದ್ದನ್ನ ಬಿಟ್ಟು ಮೊದಲನೇದನ್ನೇ ಅಚ್ಚು ಹಾಕು ಅಂತೀಯಾ?

ಹುಡುಗಿ: ಒಳ್ಳೇ ಪ್ರಶ್ನೆ. ಆದರೆ ಅವರು ಮೂರನೇ ಆಟದ ಕಾಲನ್ನ ತಿದ್ದಿದಾಗ ಮೂರನೇ ಆಟದ ದಾರಿನೂ ಅದಕ್ಕೆ ತಕ್ಕ ಹಾಗೆ ಕಟ್ಟಿದ್ರು. ಮೊದಲನೇ ಆಟದ ಹಲಗೆ ಹಲಗೆ ನಡುವಿನ ಅಂತರ ಅಳತೆ ಮಾಡಿದ್ದು ಮೊದಲನೇ ಕಾಲಿಗೆ. ಇವರಿಗೆ ಹಳೇ ಹಂತಗಳ ಆಕಾರದ ದತ್ತಾಂಶ ಸಿಕ್ಕಿತು, ಅದರ ಮೇಲೇ ಹೊಸ ಮರ, ಹೊಸ ಕಲ್ಲು ಬೆಳೆಸಿದ್ರು. ಆಡಿಸೋ ಎಂಜಿನ್ ಮಾತ್ರ ಹೊಸದು. ಹಾಗಾಗಿ ಸೇತುವೆ 1996ರದ್ದು, ಕಾಲು 1998ರದ್ದು, ಬೀಳೋದು 2017ರದ್ದು.

(ತಮ್ಮ ಇಲ್ಲಿ ನಕ್ಕ. ನನಗೂ ಈ ಪಾಯಿಂಟು ಅವಳದೇ ಅನ್ನಿಸಿತು. ಆದರೆ ಅವನು ನಗುತ್ತಾನೆಂದರೆ ಇನ್ನೇನೋ ಇಟ್ಟುಕೊಂಡಿದ್ದಾನೆ ಎಂದೇ ಅರ್ಥ.)

ಚಿಕ್ಕಪ್ಪ: ಒಂದು ಕೇಳ್ತೀನಿ, ನಿಜ ಹೇಳಬೇಕು. ಹಳೇದನ್ನ ಲ್ಯಾಪ್‌ಟಾಪಿನಲ್ಲಿ ಮುಗಿಸಿದೆಯಲ್ಲ. ಸೇವ್ ಹೇಗೆ ಮಾಡ್ದೆ?

ಹುಡುಗಿ: ಎಮ್ಯುಲೇಟರ್‌ನಲ್ಲಿ ಇರುತ್ತಲ್ಲ.

ಚಿಕ್ಕಪ್ಪ: ಎಲ್ಲಿ ಬೇಕಾದ್ರೂ?

ಹುಡುಗಿ: ಎಲ್ಲಿ ಬೇಕಾದ್ರೂ.

ಚಿಕ್ಕಪ್ಪ: ಹೈ ರೋಡ್‌ನಲ್ಲಿ ಪ್ರತಿ ಆಮೆ ಮುಂದೆ?

ಹುಡುಗಿ: ...ಕೆಲವು ಆಮೆ ಮುಂದೆ.

ಚಿಕ್ಕಪ್ಪ: ಭಲೇ! ಮೊದಲನೇ ಆಟದಲ್ಲಿ ಸೇವ್ ಅನ್ನೋದು ಭಿಕ್ಷೆ ಕಣೇ. ಕ್ರ್ಯಾಶ್‌ನ ಗೆಳತಿ ಟಾನಾ ಮುಖ ಇರೋ ಮೂರು ಗುರುತು ಹುಡುಕಬೇಕು, ಬೋನಸ್ ಹಂತಕ್ಕೆ ಹೋಗಬೇಕು, ಅದನ್ನ ಬೀಳದೆ ದಾಟಬೇಕು, ಆಗ ಸೇವ್ ಮಾಡ್ಕೊಳ್ಳಿ ಅನ್ನುತ್ತೆ. ಇಲ್ಲ ಅಂದ್ರೆ ಜೆಮ್ ಗೆಲ್ಲಬೇಕು. ಮೆಮೊರಿ ಕಾರ್ಡ್ ಇಲ್ಲದ ನಮ್ಮಂಥವರಿಗೆ ಪಾಸ್‌ವರ್ಡ್. ತ್ರಿಕೋನ, ಚೌಕ, ವೃತ್ತ, ಅಡ್ಡಗೀಟು. ನನ್ನ ಗಣಿತದ ನೋಟ್ ಬುಕ್ಕಿನ ಹಿಂದೆ ಸಾಲು ಸಾಲು ಬರೆದಿಟ್ಟಿದ್ದೆ. ಮೇಷ್ಟ್ರು ನೋಡಿ ರೇಖಾಗಣಿತ ಅಭ್ಯಾಸ ಮಾಡ್ತಿದಾನೆ ಅಂದ್ಕೊಂಡ್ರು. ಒಂದು ಚೌಕ ತಪ್ಪು ಬರ್ಕೊಂಡ್ರೆ ವಾರದ ಆಟ ಹೋಯ್ತು. ನಾನು ಮೊದಲನೇದನ್ನ ಯಾವತ್ತೂ ಮುಗಿಸಲೇ ಇಲ್ಲ. ಕೊನೇ ಕೋಟೆ ಹೇಗಿದೆ ಅಂತ ನೋಡಿದ್ದು ಹೊಸದರಲ್ಲೇ. ನೀನು ಯಾವ ಜಿಗಿತದ ಪಾವಿತ್ರ್ಯದ ಮಾತಾಡ್ತಿದೀಯೋ ಅದರ ಹಿಂದೆ ಈ ಭಯ ಇತ್ತು. ತಪ್ಪಿದ್ರೆ ಎಷ್ಟು ಹಿಂದಕ್ಕೆ ಹೋಗ್ತೀನಿ ಅನ್ನೋ ಭಯ. ಅದನ್ನ ತೆಗೆದು ಆಡಿದವಳು ನೀನು. ಹಾಗಿದ್ರೆ ನೀನು ಆಡಿದ್ದು ಮೂಲನಾ?

ಹುಡುಗಿ: ಅದು ನನ್ನ ಕಳ್ಳತನ, ಒಪ್ಕೋತೀನಿ. ಆದರೆ ವ್ಯತ್ಯಾಸ ನೋಡಿ. ನನ್ನ ಕಳ್ಳತನ ಆಟದ ಹೊರಗಡೆ ಇದೆ. ನಾಳೆ ಬೇಡ ಅಂದ್ರೆ ಬಿಡಬಹುದು. ಆ ಹೊಸ ಜಿಗಿತ ನನಗೆ ಬೇಡ ಅಂದ್ರೆ ಎಲ್ಲಿ ಬಿಡಲಿ?

ಚಿಕ್ಕಪ್ಪ: ಅದೂ ಸರಿ. ಆದರೆ ಹೊಸದರಲ್ಲಿ ಅವರು ಕರುಣೆ ಎಲ್ಲಿ ತೋರಿಸಿದಾರೆ ನೋಡು. ಮೊದಲು ಜೆಮ್ ಬೇಕು ಅಂದ್ರೆ ಒಂದು ಸಲವೂ ಸಾಯದೆ ಅಷ್ಟೂ ಪೆಟ್ಟಿಗೆ ಒಡೀಬೇಕಿತ್ತು. ಈಗ ಬಣ್ಣದ ಜೆಮ್‌ಗೆ ಮಾತ್ರ ಆ ನಿಯಮ, ಉಳಿದದ್ದಕ್ಕೆ ಸತ್ತರೂ ಪರವಾಗಿಲ್ಲ. ಸೇವ್ ತಾನಾಗೇ ಆಗುತ್ತೆ. ಸಂಸಾರಸ್ಥನಿಗೆ ರಾತ್ರಿ ಊಟ ಆದ ಮೇಲೆ ಸಿಗೋದು ಒಂದು ಗಂಟೆ. ಆ ಗಂಟೆಯಲ್ಲಿ ಏನಾದ್ರೂ ಕೈಗೆ ಹತ್ತಬೇಕಲ್ಲ.

ಹುಡುಗಿ: ಕರುಣೆ ಹಳೇದರಲ್ಲೂ ಇತ್ತು, ನಿಮಗೆ ಗೊತ್ತಾಗಲಿಲ್ಲ ಅಷ್ಟೇ. ಒಂದೇ ಜಾಗದಲ್ಲಿ ಪದೇ ಪದೇ ಸಾಯ್ತಿದ್ರೆ ಆಟ ಗುಟ್ಟಾಗಿ ಸಹಾಯ ಮಾಡ್ತಿತ್ತು. ಮತ್ತೆ ಶುರುವಾಗುವಾಗ ಮುಖವಾಡ ಕೊಡೋದು, ಒಂದು ಮಾಮೂಲಿ ಪೆಟ್ಟಿಗೆನ ಚೆಕ್‌ಪಾಯಿಂಟ್ ಮಾಡೋದು, ಹಿಂದೆ ಉರುಳಿ ಬರೋ ಬಂಡೆ ಸ್ವಲ್ಪ ನಿಧಾನ ಮಾಡೋದು. ಮಾಡಿದವರೇ ಆಮೇಲೆ ಬರೆದುಕೊಂಡಿದಾರೆ.

ಚಿಕ್ಕಪ್ಪ: ಬಂಡೆ ನಿಧಾನ ಮಾಡ್ತಿದ್ರಾ? ನಾನು ಆ ಬಂಡೆ ದಾಟಿದ್ದನ್ನ ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ದೆ!

ಹುಡುಗಿ: ಅದಕ್ಕೇ ನನಗೆ ಆ ಆಟದ ಮೇಲೆ ಅಷ್ಟು ಗೌರವ. ಯಾರ ಮುಂದೆಯೂ ನಿಮ್ಮ ಮರ್ಯಾದೆ ತೆಗೀಲಿಲ್ಲ. ಈಗಿನ ಎಷ್ಟೋ ಆಟಗಳು 'ಸುಲಭ ಮಾಡಲಾ?' ಅಂತ ದೊಡ್ಡ ಅಕ್ಷರದಲ್ಲಿ ಕೇಳ್ತವೆ.

(ಇಲ್ಲಿಗೆ ಕಾಫಿ ಬಂತು. ಎರಡನೆಯ ಆಟದ ಬಗ್ಗೆ ಇಬ್ಬರಿಗೂ ತಕರಾರಿಲ್ಲ, ಅದು ಎರಡೂ ರೂಪದಲ್ಲಿ ಚೆನ್ನಾಗಿದೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ಮೂರನೆಯದರ ಮೋಟರ್‌ಬೈಕ್ ಹಂತಗಳು ಹಳೆಯದರಲ್ಲೂ ಬೇಸರ, ಹೊಸದರಲ್ಲೂ ಬೇಸರ ಎಂಬುದಕ್ಕೂ ಒಮ್ಮತ. ಜಗಳವೆಲ್ಲ ಮೊದಲನೆಯದಕ್ಕೇ.)

ಹುಡುಗಿ: ಇನ್ನೊಂದು ವಿಷಯ. ಆ ಆಟ ಯಾಕೆ ಓಣಿ ಥರ ಇದೆ, ಯಾಕೆ ಎಡಬಲಕ್ಕೆ ಹೋಗೋಕಾಗಲ್ಲ ಅಂತ ಯೋಚಿಸಿದೀರಾ? ಅದೇ 1996ರಲ್ಲಿ ಬಂದ ಮಾರಿಯೊ 64ರಲ್ಲಿ ಬಯಲಿತ್ತು, ಎಲ್ಲಿ ಬೇಕಾದ್ರೂ ಓಡಬಹುದಿತ್ತು. ಪ್ಲೇಸ್ಟೇಷನ್‌ಗೆ ಇದ್ದದ್ದು 2 ಎಂಬಿ ಮೆಮೊರಿ. ಯಾವುದು ಮುಂದಿದೆ, ಯಾವುದು ಹಿಂದಿದೆ ಅಂತ ತಾನೇ ವಿಂಗಡಿಸೋ ಸೌಲಭ್ಯ ಅದಕ್ಕಿರಲಿಲ್ಲ. ಕ್ಯಾಮೆರಾ ಹಳಿ ಮೇಲೆ ಹೋದ ಹಾಗೆ ಹೋಗೋದಾದ್ರೆ, ಎಲ್ಲಿಂದ ಏನು ಕಾಣುತ್ತೆ ಅಂತ ಮುಂಚೆನೇ ದೊಡ್ಡ ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಡಿಸ್ಕಿಗೆ ತುಂಬಬಹುದು. ಆಡುವಾಗ ಹಂತನ 64 ಕಿಲೋಬೈಟಿನ ತುಂಡು ತುಂಡಾಗಿ ಸೀಡಿಯಿಂದ ಎಳ್ಕೋಬಹುದು. ಆ ಓಣಿಯಲ್ಲಿ ಅಷ್ಟು ದಟ್ಟ ಕಾಡು ಕಂಡಿದ್ದು ಅದರಿಂದ. ಆ್ಯಂಡಿ ಗ್ಯಾವಿನ್ ಅನ್ನೋ ಪ್ರೋಗ್ರಾಮರ್ ಪಾತ್ರಗಳ ಚಲನೆ ಬರೆಯೋಕೆ ಲಿಸ್ಪ್ ಥರದ ಒಂದು ಭಾಷೆನೇ ಹೊಸದಾಗಿ ಮಾಡ್ಕೊಂಡ. ಇನ್ನು ಪೆಟ್ಟಿಗೆಗಳು! ಕಾಡು ಚೆನ್ನಾಗಿ ಬಂತು, ಆದರೆ ಓಣಿ ಖಾಲಿ. ಇನ್ನೊಂದು ಪ್ರಾಣಿ ಹಾಕೋಣ ಅಂದ್ರೆ ಪಾಲಿಗನ್ ಇಲ್ಲ. ಅತಿ ಕಮ್ಮಿ ಪಾಲಿಗನ್‌ನಲ್ಲಿ ಏನಾಗುತ್ತೆ? ಮರದ ಪೆಟ್ಟಿಗೆ. ಆಟದ ಕೆಲಸ ಬಹಳ ಮುಂದಕ್ಕೆ ಹೋದ ಮೇಲೆ ಬಂದ ಯೋಚನೆ ಅದು. ಇವತ್ತು ಕ್ರ್ಯಾಶ್ ಅಂದ್ರೆ ಮೊದಲು ನೆನಪಾಗೋದು ಪೆಟ್ಟಿಗೆ ಒಡೆಯೋ ಸದ್ದು. ಕೊರತೆಯಿಂದ ಹುಟ್ಟಿದ ಆಟ ಇದು. ಎಲ್ಲ ಇರೋ ಯಂತ್ರದ ಮೇಲೆ ಅದನ್ನೇ ಮತ್ತೆ ಕಟ್ಟಿದ್ರೆ ಓಣಿ ಬರೀ ಓಣಿ ಆಗುತ್ತೆ. ಯಾಕೆ ಓಣಿ ಅನ್ನೋದಕ್ಕೆ ಉತ್ತರ ಇರಲ್ಲ.

ಚಿಕ್ಕಪ್ಪ: ಬಡತನನ ಪೂಜೆ ಮಾಡಬೇಡ. ಅವರಿಗೆ 4 ಎಂಬಿ ಸಿಕ್ಕಿದ್ರೆ ಬೇಡ ಅಂತಿದ್ರಾ? ಆ ಎರಡು ಎಂಬಿ ಕಥೆ ಕೇಳೋಕೆ ಚೆನ್ನಾಗಿದೆ. ಆದರೆ ಆಡೋ ಮಗುಗೆ ಬೇಕಿರೋದು ಕಾಡು, ಕಾಡಿನ ಲೆಕ್ಕ ಅಲ್ಲ. ನೀನೇ ನೋಡು, ಈ ಲೆಕ್ಕದ ಹಿಂದೆ ಬಿದ್ದಿದ್ದು ಯಾಕೆ? ಹೊಸದನ್ನ ಆಡಿ ಇಷ್ಟಪಟ್ಟಿದ್ದಕ್ಕೆ ತಾನೇ? ಬಾಗಿಲು ಯಾರು ತೆಗೆದ್ರು ನಿನಗೆ?

ಹುಡುಗಿ: ಹೊಸದೇ. ಅಲ್ಲ ಅನ್ನಲ್ಲ.

ಚಿಕ್ಕಪ್ಪ: ಅಷ್ಟು ಒಪ್ಕೊಂಡ್ರೆ ಸಾಕು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತಲ್ಲ, ಅಲ್ಲಿ 2010ಕ್ಕಿಂತ ಮುಂಚೆ ಬಂದ ಆಟಗಳಲ್ಲಿ ನೂರಕ್ಕೆ 87 ಇವತ್ತು ಅಂಗಡಿಯಲ್ಲಿ ಸಿಗಲ್ಲ ಅಂತ. ಸಿಗೋ ಹದಿಮೂರರಲ್ಲಿ ಒಂದಾಗಿ ಉಳೀಬೇಕು ಅಂದ್ರೆ ಯಾರೋ ಹೊಸ ಬಟ್ಟೆ ತೊಡಿಸಬೇಕು. ಯಾರು ತೊಡಿಸ್ತಾರೆ? ಕ್ರ್ಯಾಶ್‌ನ ಹೆತ್ತವರ ಕೈಯಲ್ಲಿ ಹಕ್ಕು ಇರಲೇ ಇಲ್ಲ. ಯೂನಿವರ್ಸಲ್ ಹತ್ತಿರ ಇತ್ತು. ಅಲ್ಲಿಂದ ವಿವೆಂಡಿ, 2008ರಲ್ಲಿ ಆಕ್ಟಿವಿಷನ್, 2023ರಲ್ಲಿ ಮೈಕ್ರೋಸಾಫ್ಟ್. ಸೋನಿಯ ಮುದ್ದಿನ ಪ್ರಾಣಿ ಈಗ ಎಕ್ಸ್‌ಬಾಕ್ಸ್ ಮಾಡೋರ ಮನೆಯಲ್ಲಿದೆ. ಹೊಸದಾಗಿ ಕಟ್ಟಿದ ವಿಕೇರಿಯಸ್ ವಿಷನ್ಸ್ ಹೆಸರೂ ಈಗಿಲ್ಲ, 2022ರಲ್ಲಿ ಬ್ಲಿಜರ್ಡ್‌ನಲ್ಲಿ ಸೇರಿಹೋಯ್ತು. ಇಂಥ ಗಲಾಟೆ ಮಧ್ಯೆ ಯಾರೋ ಒಂದಷ್ಟು ಜನ ಕೂತು ಅಷ್ಟೂ ಮೂಲೆಗೆ ಮತ್ತೆ ಎಲೆ ಹಚ್ಚಿದಾರೆ. ಅವರಿಗೆ ಒಂದು ನಮಸ್ಕಾರನಾದ್ರೂ ಹೇಳಬೇಡ್ವಾ?

ಹುಡುಗಿ: ನಮಸ್ಕಾರ ಹೇಳ್ತೀನಿ, ಜೊತೆಗೆ ತಕರಾರೂ ಹೇಳ್ತೀನಿ. 'ಸ್ಟಾರ್ಮಿ ಅಸೆಂಟ್' ವಿಷಯ ತಗೊಳ್ಳಿ. ಅತಿ ಕಷ್ಟ ಆಯ್ತು ಅಂತ 1996ರಲ್ಲಿ ಮಾಡಿದವರೇ ಕೈಬಿಟ್ಟ ಹಂತ. ಡಿಸ್ಕಿನಲ್ಲಿ ಹೂತುಹೋಗಿತ್ತು, ಚೀಟ್ ಹಾಕೋರಿಗೆ ಮಾತ್ರ ಕಾಣ್ತಿತ್ತು. 2017ರಲ್ಲಿ ಅದನ್ನ ಹೊರಗೆ ತೆಗೆದು, ಬಣ್ಣ ಬಳಿದು ಬಿಟ್ರು. ಮಾಡಿದವರ ಕೊನೇ ಅಭಿಪ್ರಾಯ ಅಂದ್ರಲ್ಲ, ಅವರ ಅಭಿಪ್ರಾಯ ಅದು ಬೇಡ ಅಂತ ಇತ್ತು.

ಚಿಕ್ಕಪ್ಪ: ಅದನ್ನ ನೀನು ಆಡಲಿಲ್ವಾ?

ಹುಡುಗಿ: ಆಡಿದೆ.

ಚಿಕ್ಕಪ್ಪ: ಖುಷಿ ಆಯ್ತಾ?

ಹುಡುಗಿ: ಬಹಳ. ಆ ಮಾತು ಬೇರೆ.

(ಬೇರೆಯೇನಲ್ಲ ಎಂದು ನನಗನ್ನಿಸಿತು. ಕೇಳುವವನಿಗೆ ತೀರ್ಪು ಹೇಳುವ ಅಧಿಕಾರವಿಲ್ಲ ಎಂದು ಸುಮ್ಮನಾದೆ.)

ಹುಡುಗಿ: ನನಗೆ ಬೇಕಾಗಿರೋದು ಸಣ್ಣದು. 2024ರ ಫೆಬ್ರವರಿಯಲ್ಲಿ ಟೂಂಬ್ ರೈಡರ್‌ನ ಮೊದಲ ಮೂರು ಆಟ ಮತ್ತೆ ಬಂದ್ವಲ್ಲ, ಆಸ್ಪೈರ್‌ನವರು ಮಾಡಿದ್ದು. ಹಳೇ ಕೋಡ್ ಮೇಲೇ ಹೊಸ ಚಿತ್ರ ಹೊದಿಸಿದ್ರು. ಒಂದು ಗುಂಡಿ ಒತ್ತಿದ್ರೆ ನಾಯಕಿ ಲಾರಾ 1996ರ ಚೂಪು ಮೂಲೆಗಳಿಗೆ ಹೋಗ್ತಾಳೆ, ಮತ್ತೆ ಒತ್ತಿದ್ರೆ ಈಗಿನ ರೂಪ. ಕಾಲ ಕೆಳಗಿನ ನೆಲ ಒಂದೇ. ಎರಡೂ ಕಣ್ಣ ಮುಂದೆ ಇದ್ರೆ ಜಗಳನೇ ಇಲ್ಲ.

ಚಿಕ್ಕಪ್ಪ: ಅದನ್ನೂ ಆಡಿದೀನಿ. ಅಲ್ಲಿ ನಿಯಂತ್ರಣಕ್ಕೂ ಎರಡು ಬಗೆ ಇಟ್ಟಿದಾರೆ. ಹಳೇದು ಟ್ಯಾಂಕ್ ಓಡಿಸಿದ ಹಾಗೆ, ಹೊಸದು ಈಗಿನ ಆಟಗಳ ಥರ. ಹೊಸದನ್ನ ಹಾಕ್ಕೊಂಡ್ರೆ ಏನಾಗುತ್ತೆ ಗೊತ್ತಾ? ಆ ಲೋಕ ಪೂರ್ತಿ ಚೌಕ ಚೌಕವಾಗಿ ಕಟ್ಟಿದ್ದು. ಅಂಚಿಗೆ ನಡೆದು ನಿಂತು, ಒಂದು ಹೆಜ್ಜೆ ಹಿಂದಕ್ಕೆ ಕುಪ್ಪಳಿಸಿ, ಓಡಿ ಜಿಗಿದ್ರೆ ಎಷ್ಟು ಚೌಕ ದಾಟುತ್ತೆ ಅಂತ ಕಣ್ಣಳತೆಯಲ್ಲೇ ಹೇಳಬಹುದು. ಹೊಸ ನಿಯಂತ್ರಣದಲ್ಲಿ ಆ ಅಳತೆ ಕೈಗೆ ಸಿಗಲ್ಲ. ನಾನು ಮತ್ತೆ ಟ್ಯಾಂಕಿಗೇ ಬಂದೆ.

ಹುಡುಗಿ: ಅಂದ್ರೆ ನನ್ನ ಮಾತು ಒಪ್ಪಿದ ಹಾಗಾಯ್ತು!

ಚಿಕ್ಕಪ್ಪ: ಟೂಂಬ್ ರೈಡರ್‌ಗೆ ಮಾತ್ರ ಒಪ್ಪಿದೆ. ಅಲ್ಲಿ ನಡೆಯೋದು ಲೆಕ್ಕದಿಂದ. ಕ್ರ್ಯಾಶ್‌ನಲ್ಲಿ ನಾನು ಲೆಕ್ಕ ಮಾಡಲ್ಲ, ಬೆರಳು ಕಲಿಯುತ್ತೆ. ಕಲಿತ ಬೆರಳು ಇನ್ನೊಂದನ್ನೂ ಕಲಿಯುತ್ತೆ. ಮೊದಲ ಸಂಜೆ ಬಿದ್ದೆ, ಬಿದ್ದೆ, ಬಿದ್ದೆ. ಅನಲಾಗ್ ಕಡ್ಡಿ ಬಿಟ್ಟು ಹಳೇ ದಿಕ್ಕಿನ ಗುಂಡಿಗೆ ಬಂದೆ, ನೇರ ದಾರಿಗೆ ಅದೇ ಸರಿ. ಆಮೇಲೆ ಸೇತುವೆ ಹಗ್ಗದ ಮೇಲೆ ಹತ್ತಿ ನಡೆಯೋ ಹಳೇ ಉಪಾಯ ನೆನಪಾಯ್ತು. ಹೊಸದರಲ್ಲೂ ಅದು ಇದೆ, ನೋಡು! ಜಾರುತ್ತೆ, ಆದರೆ ಇದೆ. ಯಾರೋ ಪುಣ್ಯಾತ್ಮ ಅದನ್ನ ಮುಚ್ಚದೆ ಬಿಟ್ಟಿದಾನೆ. ಅಷ್ಟು ಸಾಕಾಯ್ತು ನನಗೆ.

ಹುಡುಗಿ: ನಿಮಗೆ ಸಾಕು, ಯಾಕಂದ್ರೆ ಆ ಉಪಾಯ ನಿಮ್ಮ ತಲೆಯಲ್ಲಿತ್ತು. ಹಳೇದನ್ನ ಕಾಣದವರು?

ಚಿಕ್ಕಪ್ಪ: ಕಾಣದವರಿಗೆ ಹೊಸದೇ ಹಳೇದು. ನಿನಗೆ ಆಗಿತ್ತಲ್ಲ. ಸರಿ, ನೀನು ಹೇಳೋ ಹಾಗೆ ಏನೂ ಮುಟ್ಟದೆ ಇಟ್ಟವರ ಕಥೆ ಕೇಳು. 2020ರಲ್ಲಿ ನಿಂಟೆಂಡೊ ಮೂರು ಮಾರಿಯೊ ಆಟ ಸೇರಿಸಿ 'ಸೂಪರ್ ಮಾರಿಯೊ 3ಡಿ ಆಲ್-ಸ್ಟಾರ್ಸ್' ಅಂತ ಬಿಟ್ಟಿತು. ಜಿಗಿತ ಹೆಚ್ಚುಕಮ್ಮಿ ಇದ್ದ ಹಾಗೇ. ನಿನ್ನಂಥವರಿಗೆ ಹಬ್ಬ. 2021ರ ಮಾರ್ಚ್ 31ಕ್ಕೆ ಮಾರಾಟ ನಿಲ್ಲಿಸಿಬಿಟ್ಟರು. ಮೊದಲೇ ಹೇಳಿದ್ರು, ಇಷ್ಟೇ ದಿನ ಅಂತ. ಇದ್ದ ಹಾಗೆ ಇಟ್ಟರು, ಬೀಗನೂ ಹಾಕಿದ್ರು. ಅಂಚಿನಲ್ಲಿ ಜಾರೋ ನನ್ನ ಪ್ರಾಣಿ ಇವತ್ತಿಗೂ ಅಂಗಡಿಯಲ್ಲಿದೆ.

ಹುಡುಗಿ: ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾಕೆ? ಹಳೇ ಜಿಗಿತ ಅನ್ನೋದು ಕೊನೆಗೆ ಒಂದಷ್ಟು ಸಂಖ್ಯೆ. ಎಷ್ಟು ಫ್ರೇಮ್ ಏರುತ್ತೆ, ಎಷ್ಟು ಫ್ರೇಮ್ ಇಳಿಯುತ್ತೆ. ಫ್ರೇಮ್ ಫ್ರೇಮ್ ಎಣಿಸಿ ಅಳೆಯಬಹುದು. ಮೆನುವಿನಲ್ಲಿ 'ಹಳೆಯ ಜಿಗಿತ' ಅಂತ ಒಂದು ಸಾಲು ಇಟ್ಟಿದ್ರೆ ಆಗ್ತಿರಲಿಲ್ವಾ? ಭಾಷೆ ಆರಿಸೋಕೆ ಅಷ್ಟು ಸಾಲು ಇರುತ್ತೆ.

ಚಿಕ್ಕಪ್ಪ: ಇಟ್ಟರು ಅಂತ ತಿಳ್ಕೋ. ಅಲ್ಲಿಗೆ ನಿನಗೆ ಸಮಾಧಾನನಾ?

ಹುಡುಗಿ: ಇಲ್ಲ. ಆಮೇಲೆ ಸಂಗೀತದ ವಿಷಯಕ್ಕೆ ಬರ್ತೀನಿ. ಜಾಶ್ ಮ್ಯಾನ್ಸೆಲ್ ಮಾಡಿದ ಆ ಮರ ತಟ್ಟೋ ತಾಳನೆಲ್ಲ...

ಚಿಕ್ಕಪ್ಪ: ಸಂಗೀತಕ್ಕೆ ಬರಬೇಡ. ಅದರಲ್ಲಿ ನಾನೂ ನಿನ್ನ ಕಡೆನೇ. ಹಾಕು ಹಳೇದನ್ನ, ಕೇಳೋಣ.